ಪಲ್ಲವಿ ವೈರಲ್ ಆಯ್ತು, ಹಾಡಿನ್ನೂ ಮುಗಿದಿಲ್ಲ. ಈಗ ಏನು ಮಾಡಲಿ?

ಪ್ರಶ್ನೆ: ನಾನು ಹಾಡು ಬರೆದು ಹಾಡುತ್ತೇನೆ. ಹೋದ ವಾರ ನನ್ನದೇ ಹಾಡಿನ ಪಲ್ಲವಿಯನ್ನು ಹಾಡಿ, 40 ಸೆಕೆಂಡಿನ ವಿಡಿಯೋ ಹಾಕಿದೆ. ಗಿಟಾರ್ ನುಡಿಸಿದ್ದು ನನ್ನ ಗೆಳೆಯ. ನಾಲ್ಕೇ ದಿನದಲ್ಲಿ 12 ಲಕ್ಷ ವೀವ್ಸ್ ಬಂದಿವೆ. ಪೂರ್ತಿ ಹಾಡು ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದಾರೆ, ಆದರೆ ಅದಿನ್ನೂ ರೆಕಾರ್ಡ್ ಆಗಿಲ್ಲ. ಒಂದು ಕಂಪನಿ ಹಾಡಿನ ಹಕ್ಕು ಕೇಳಿ ಕಾಂಟ್ರ್ಯಾಕ್ಟ್ ಕಳಿಸಿದೆ, ಎರಡು ದಿನದೊಳಗೆ ಸಹಿ ಮಾಡಿ ಅನ್ನುತ್ತಿದೆ. ಈ ಅವಕಾಶವನ್ನು ಹೇಗೆ ಬಳಸಿಕೊಳ್ಳಲಿ? ಕೆಲಸ ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿಯಬಹುದಾ?

ಉತ್ತರ: ಮೊದಲು ಅಭಿನಂದನೆ. ನಿಮ್ಮ ಪರಿಚಯವೇ ಇಲ್ಲದ ಜನ ನಿಮ್ಮ ಪಲ್ಲವಿ ಕೇಳಿ, ಉಳಿದದ್ದು ಎಲ್ಲಿ ಅಂತ ಹುಡುಕುತ್ತಿದ್ದಾರೆ. ಹಾಡು ಬರೆಯುವವರಿಗೆ ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಕಾಂಟ್ರ್ಯಾಕ್ಟಿಗೆ ಸಹಿ ಹಾಕಬೇಡಿ. ಎರಡು ದಿನ ಅಂತ ಅವರು ಹೇಳಿದ್ದು ಅವರ ಅನುಕೂಲಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

12 ಲಕ್ಷ ವೀವ್ಸ್ ಅಂದರೆ 12 ಲಕ್ಷ ಜನ ಅಲ್ಲ. ಒಬ್ಬರೇ ನಾಲ್ಕು ಸಲ ನೋಡಿದರೆ ನಾಲ್ಕು ಅಂತಲೇ ಲೆಕ್ಕ. ಯೂಟ್ಯೂಬ್ ಶಾರ್ಟ್ಸ್‌ನಲ್ಲಂತೂ 2025ರ ಮಾರ್ಚ್ ಕೊನೆಯಿಂದ, ವಿಡಿಯೋ ಶುರುವಾದರೆ ಸಾಕು, ಮತ್ತೆ ಪ್ಲೇ ಆದರೂ ಸಾಕು, ಅದೊಂದು ವೀವ್. ನೋಡಿದವರಲ್ಲಿ ಬಹಳಷ್ಟು ಜನರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ನಿಮ್ಮನ್ನು ಅವರು ಹುಡುಕಿಕೊಂಡು ಬಂದದ್ದಲ್ಲ, ಅವರ ಮುಂದೆ ನಿಮ್ಮನ್ನು ತಂದು ನಿಲ್ಲಿಸಿದ್ದು ಆ್ಯಪ್. ನಾಳೆ ಅದೇ ಆ್ಯಪ್ ಬೇರೆಯವರನ್ನು ತಂದು ನಿಲ್ಲಿಸುತ್ತದೆ. ಆದ್ದರಿಂದ ಈಗ ನಿಮಗಿರುವ ಕೆಲಸ ಒಂದೇ. ಕ್ಲಿಪ್ ಇಷ್ಟಪಟ್ಟವರು ಹಾಡಿನವರೆಗೆ ಬರಬೇಕು, ಹಾಡು ಕೇಳಿದವರು ನಿಮ್ಮವರೆಗೆ ಬರಬೇಕು. ಆ ದಾರಿ ಈಗ ನಿಮ್ಮ ಪೇಜಿನಲ್ಲಿ ಇಲ್ಲ. ಅದನ್ನು ಈ ವಾರವೇ ಮಾಡಬೇಕು. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ.

ಇವತ್ತು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಆ ವಿಡಿಯೋವನ್ನು ಮಾತ್ರ ಮುಟ್ಟಬೇಡಿ. ಸೌಂಡ್ ಚೆನ್ನಾಗಿಲ್ಲ, ಲೈಟ್ ಸರಿಯಿಲ್ಲ ಅಂತ ಡಿಲೀಟ್ ಮಾಡಿ ಮತ್ತೆ ಹಾಕಿದರೆ ಓಟ ಅಲ್ಲಿಗೇ ನಿಲ್ಲುತ್ತದೆ. ಕ್ಯಾಪ್ಷನ್ ತಿದ್ದಬಹುದು. ಹಾಡಿನ ಹೆಸರು, ಇದು ನೀವೇ ಬರೆದ ಹಾಡು ಅನ್ನುವ ಮಾತು, ಗಿಟಾರ್ ನುಡಿಸಿದವರ ಹೆಸರು, ಮೂರೂ ಅಲ್ಲಿರಲಿ. ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಆಡಿಯೋಗೆ ‘ಒರಿಜಿನಲ್ ಆಡಿಯೋ’ ಅಂತಷ್ಟೇ ಹೆಸರಿದ್ದರೆ ಬದಲಾಯಿಸಿ, ಹಾಡಿನ ಹೆಸರೇ ಇಡಿ. ಒಂದೇ ಸಲ ಬದಲಾಯಿಸಲು ಬಿಡುತ್ತಾರೆ, ಹಾಗಾಗಿ ಅಕ್ಷರ ನೋಡಿಕೊಂಡು ಟೈಪ್ ಮಾಡಿ. ಬೇರೆಯವರು ಅದೇ ಆಡಿಯೋ ಬಳಸಿ ರೀಲ್ ಮಾಡಿದಾಗೆಲ್ಲ ಆ ಹೆಸರು ಜೊತೆಗೇ ಹೋಗುತ್ತದೆ.

‘ಪೂರ್ತಿ ಹಾಡು ಎಲ್ಲಿ?’ ಅನ್ನುವ ಕಾಮೆಂಟಿಗೆ ಉತ್ತರವನ್ನು ನೀವೇ ಕಾಮೆಂಟ್ ಮಾಡಿ ಪಿನ್ ಮಾಡಿ. ಹಾಡು ಯಾವಾಗ ಬರುತ್ತದೆ, ಬಂದ ಕೂಡಲೇ ತಿಳಿಯಲು ಎಲ್ಲಿ ಹೆಸರು ಕೊಡಬೇಕು, ಇಷ್ಟಿದ್ದರೆ ಸಾಕು. ಬಯೋದಲ್ಲಿ ಒಂದೇ ಲಿಂಕ್ ಇರಲಿ. ಅದನ್ನು ಒತ್ತಿದರೆ ಇಮೇಲ್ ಕೊಡುವ ಒಂದು ಸಣ್ಣ ಪುಟ ಬರಲಿ.

ಈ ಕಾಲದಲ್ಲಿ ಇಮೇಲ್ ಯಾರು ಓದುತ್ತಾರೆ ಅಂತ ಕೇಳಬಹುದು. ಫಾಲೋವರ್ಸ್ ಲಕ್ಷ ಇದ್ದರೂ ನಿಮ್ಮ ಮುಂದಿನ ಪೋಸ್ಟ್ ಅವರಲ್ಲಿ ಎಷ್ಟು ಜನರಿಗೆ ಕಾಣಬೇಕು ಅಂತ ತೀರ್ಮಾನಿಸುವುದು ಆ್ಯಪ್. ವಾಟ್ಸ್ಆ್ಯಪ್ ಚಾನೆಲ್ ಮಾಡಿದರೂ ಅಲ್ಲಿರುವವರ ಪಟ್ಟಿ ನಿಮ್ಮ ಕೈಗೆ ಸಿಗುವುದಿಲ್ಲ. ಇಮೇಲ್ ಪಟ್ಟಿ ಹಾಗಲ್ಲ. ಅಕೌಂಟ್ ಹ್ಯಾಕ್ ಆದರೂ, ಆ್ಯಪ್ ಮುಚ್ಚಿಹೋದರೂ ಆ ಪಟ್ಟಿ ನಿಮ್ಮದೇ. ಅದರಲ್ಲಿ ಬರೀ ಐನೂರು ಜನ ಇದ್ದರೂ, ತಾವಾಗಿ ಹೆಸರು ಬರೆಸಿದವರು ಅವರು. ಹೊಸ ಹಾಡು ಬಂದಾಗ ಮೊದಲು ಕೇಳುವವರು, ಕಾರ್ಯಕ್ರಮಕ್ಕೆ ಟಿಕೆಟ್ ತಗೊಳ್ಳುವವರು ಸಾಮಾನ್ಯವಾಗಿ ಇವರೇ.

ಅದೇ ಅರ್ಧ ಗಂಟೆಯಲ್ಲಿ ಎಲ್ಲ ಅಕೌಂಟುಗಳಿಗೂ ಎರಡು ಹಂತದ ಲಾಗಿನ್ ಹಾಕಿ, ಇಮೇಲ್‌ಗೂ ಸೇರಿಸಿ. ವೈರಲ್ ಆದ ಅಕೌಂಟುಗಳ ಮೇಲೆ ಕಳ್ಳರ ಕಣ್ಣು ಬೀಳುವುದು ತಡ ಆಗುವುದಿಲ್ಲ. ‘ನಿಮ್ಮ ವಿಡಿಯೋ ಮೇಲೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬರುತ್ತದೆ, ಲೋಗೋ ಎಲ್ಲ ಅಸಲಿಯ ಹಾಗೇ ಇರುತ್ತದೆ. ಒತ್ತಬೇಡಿ. ನಿಜವಾದ ದೂರು ಇದ್ದರೆ ಆ್ಯಪ್ ಒಳಗೆ, ನಿಮ್ಮ ಅಕೌಂಟ್ ಸ್ಟೇಟಸ್‌ನಲ್ಲೇ ಕಾಣುತ್ತದೆ.

ಈಗ ಹಾಡಿನ ವಿಷಯ. ನೀವು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇದರ ಬಗ್ಗೆಯೇ. ಜನರಿಗೆ ಬೇಕಾಗಿರುವುದು ಆ ವಿಡಿಯೋದಲ್ಲಿ ಕೇಳಿದ ಹಾಡು. ಒಂದು ದನಿ, ಒಂದು ಗಿಟಾರ್. ಸಿಕ್ಕಿದ ಅವಕಾಶ ಅಂತ ದೊಡ್ಡ ಸ್ಟುಡಿಯೋಗೆ ಹೋಗಿ, ಡ್ರಮ್ಸ್, ವಯಲಿನ್ ಎಲ್ಲ ತುಂಬಿಸಿ ಎರಡು ತಿಂಗಳು ಕೂರುವವರು ಬಹಳ. ಅಷ್ಟರಲ್ಲಿ ಕೇಳಿದವರು ಮರೆತಿರುತ್ತಾರೆ. ಹಾಡು ಬಂದಾಗಲೂ, ತಮಗೆ ಇಷ್ಟವಾದದ್ದು ಇದಲ್ಲ ಅಂತ ಮುಂದೆ ಹೋಗುತ್ತಾರೆ. ಚರಣ ಬರೆದು ಮುಗಿಸಿ. ಸದ್ದಿಲ್ಲದ ಕೋಣೆ, ಒಳ್ಳೆಯ ಮೈಕ್, ಅದೇ ಗೆಳೆಯ, ಅದೇ ಶ್ರುತಿ, ಅದೇ ಲಯ. ಮಿಕ್ಸಿಂಗ್ ಮಾತ್ರ ಕೆಲಸ ಗೊತ್ತಿರುವವರ ಕೈಯಲ್ಲಿ ಮಾಡಿಸಿ. ದೊಡ್ಡ ವಾದ್ಯವೃಂದದ ಆಸೆ ಇದ್ದರೆ ಅದನ್ನು ಎರಡನೇ ಆವೃತ್ತಿಯಾಗಿ ಆಮೇಲೆ ತನ್ನಿ.

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಮುಂತಾದ ಕಡೆ ಹಾಡು ಹೋಗುವುದು ಡಿಸ್ಟ್ರಿಬ್ಯೂಟರ್ ಮೂಲಕ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ ಇಂಥವು. ಇಲ್ಲೊಂದು ಲೆಕ್ಕಾಚಾರ ಇದೆ. ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಕಳಿಸಬೇಕಾದರೆ ಅದು ಬಿಡುಗಡೆಯಾಗುವ ಮುಂಚೆಯೇ ಕಳಿಸಬೇಕು. ಕನಿಷ್ಠ ಏಳು ದಿನ ಮುಂಚೆ ಕಳಿಸಿದರೆ, ಸಂಪಾದಕರು ಆರಿಸದಿದ್ದರೂ ನಿಮ್ಮ ಫಾಲೋವರ್ಸ್‌ಗೆ ಹೋಗುವ ಹೊಸ ಹಾಡುಗಳ ಪಟ್ಟಿಯಲ್ಲಿ ಸೇರುತ್ತದೆ. ಸಾಮಾನ್ಯ ದಿನಗಳಲ್ಲಾದರೆ ನಾಲ್ಕು ವಾರ ಮುಂಚೆ ಕಳಿಸಿ ಅನ್ನುತ್ತಿದ್ದೆ. ಈಗ ನಿಮ್ಮ ಹತ್ತಿರ ಅಷ್ಟು ಹೊತ್ತಿಲ್ಲ. ರೆಕಾರ್ಡಿಂಗಿಗೆ ಒಂದು ವಾರ, ಆಮೇಲೆ ಹತ್ತು ದಿನ, ಅಲ್ಲಿಗೆ ಬಿಡುಗಡೆ. ದಿನಾಂಕ ಗಟ್ಟಿಯಾದ ಕೂಡಲೇ ಪ್ರಿ-ಸೇವ್ ಲಿಂಕ್, ಅಂದರೆ ಬಿಡುಗಡೆಗೆ ಮುಂಚೆಯೇ ಹಾಡನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವ ಲಿಂಕ್, ಹಾಕಿ. ಕೆಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ, ಟಿಕ್‌ಟಾಕ್ ಮತ್ತು ರೀಲ್ಸ್‌ನಲ್ಲಿ ಹಾಡಿನ ಯಾವ ಸೆಕೆಂಡಿನಿಂದ ಕ್ಲಿಪ್ ಶುರುವಾಗಬೇಕು ಅಂತ ಕೇಳುತ್ತಾರೆ. ಅಲ್ಲಿ ಆ ಪಲ್ಲವಿಯ ಜಾಗವನ್ನೇ ಕೊಡಿ. ಇದನ್ನು ಖಾಲಿ ಬಿಟ್ಟು, ಹಾಡಿನ ಮೊದಲಿನ ಬರೀ ಗಿಟಾರ್ ಭಾಗ ಕ್ಲಿಪ್ ಆಗಿ ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಈ ಹದಿನೇಳು ಹದಿನೆಂಟು ದಿನ ಸುಮ್ನೆ ಕೂರಬೇಡಿ. ಹೊಸ ಹಾಡು ಹಾಕಬೇಕಿಲ್ಲ, ಇದೇ ಹಾಡಿನ ಸುತ್ತ ವಿಡಿಯೋ ಮಾಡಿ. ಸಾಲು ಹೇಗೆ ಹುಟ್ಟಿತು, ಮೊದಲು ಬರೆದು ಹೊಡೆದುಹಾಕಿದ ಸಾಲು ಯಾವುದು, ಗಿಟಾರಿನ ಆ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಯಾವುವು. ನುಡಿಸಲು ಕಲಿಯಬೇಕು ಅನ್ನುವವರು ಕಾಮೆಂಟಿನಲ್ಲಿ ಇದ್ದೇ ಇರುತ್ತಾರೆ. ಅವರ ಕಾಮೆಂಟಿಗೆ ವಿಡಿಯೋದಲ್ಲೇ ಉತ್ತರ ಕೊಡಿ. ರೆಕಾರ್ಡಿಂಗ್ ನಡೆಯುವಾಗಿನ ಒಂದು ನಿಮಿಷ ಹಾಕಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಪ್ರತಿ ವಿಡಿಯೋಗೂ ಇನ್ನೊಂದು ವಿಡಿಯೋದ ಲಿಂಕ್ ಜೋಡಿಸಬಹುದು. ಪೂರ್ತಿ ಹಾಡು ಬಂದ ದಿನ ಎಲ್ಲ ಶಾರ್ಟ್ಸ್‌ಗೂ ಅದನ್ನು ಜೋಡಿಸಿ.

ನಿಮ್ಮ ಆಡಿಯೋ ಬಳಸಿ ಬೇರೆಯವರು ಮಾಡಿದ ವಿಡಿಯೋಗಳನ್ನು ನಿಮ್ಮ ವಿಡಿಯೋಗಿಂತ ಮುಖ್ಯ ಅಂತ ತಿಳಿಯಿರಿ. 2020ರಲ್ಲಿ ಒಬ್ಬರು ಸ್ಕೇಟ್‌ಬೋರ್ಡ್ ಮೇಲೆ ಹೋಗುತ್ತಾ, ಜ್ಯೂಸ್ ಕುಡಿಯುತ್ತಾ ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ಡ್ರೀಮ್ಸ್’ ಹಾಡಿಗೆ ತುಟಿ ಆಡಿಸಿದ ಟಿಕ್‌ಟಾಕ್ ವಿಡಿಯೋ ಎಲ್ಲೆಲ್ಲೂ ಹರಡಿತು. ತಂಡದ ಡ್ರಮ್ಮರ್ ಮಿಕ್ ಫ್ಲೀಟ್‌ವುಡ್ ಅದನ್ನು ದೂರದಿಂದ ನೋಡುತ್ತಾ ಕೂರಲಿಲ್ಲ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಟಿಕ್‌ಟಾಕ್ ಸೇರಿ, ತಾವೂ ಸ್ಕೇಟ್‌ಬೋರ್ಡ್ ಹತ್ತಿ ಅದೇ ವಿಡಿಯೋ ಮಾಡಿದರು. ನಲವತ್ತಕ್ಕೂ ಜಾಸ್ತಿ ವರ್ಷ ಹಳೆಯ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ವಾಪಸ್ ಬಂತು. ಅಷ್ಟು ದೊಡ್ಡ ಕಲಾವಿದರೇ ಕೇಳುಗರ ಆಟಕ್ಕೆ ಹೀಗೆ ಜೊತೆಯಾದರು. ನಿಮ್ಮ ಹಾಡು ಬಳಸಿದವರ ವಿಡಿಯೋಗೆ ನೀವೊಂದು ಮಾತು ಬರೆದರೆ, ಅವರು ಅದನ್ನು ನಾಲ್ಕು ಜನರಿಗೆ ತೋರಿಸುತ್ತಾರೆ.

ನಿಮ್ಮ ವಿಡಿಯೋ ಜೊತೆ ಬೇರೆಯವರು ತಮ್ಮದನ್ನು ಸೇರಿಸಲು ಬಿಡುವ ಡ್ಯುಯೆಟ್, ರೀಮಿಕ್ಸ್ ಆಯ್ಕೆಗಳನ್ನೂ ತೆರೆದಿಡಿ. ಸ್ಕಾಟ್ಲೆಂಡಿನ ನೇಥನ್ ಇವಾನ್ಸ್ ಅಂಚೆ ಹಂಚುವ ಕೆಲಸದಲ್ಲಿದ್ದರು. ‘ವೆಲ್ಲರ್‌ಮನ್’ ಅನ್ನುವ ಹಳೆಯ ನಾವಿಕರ ಹಾಡನ್ನು ಒಬ್ಬರೇ ಹಾಡಿ ಟಿಕ್‌ಟಾಕ್‌ಗೆ ಹಾಕಿದರು. ಜನ ಡ್ಯುಯೆಟ್ ಮೂಲಕ ಅದರ ಮೇಲೆ ತಮ್ಮ ದನಿ ಸೇರಿಸಿದರು. ಅದರ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಒಂದು ದನಿಯ ಹಾಡು ದೊಡ್ಡ ಮೇಳವೇ ಆಯಿತು. 2021ರ ಜನವರಿಯಲ್ಲಿ ಅವರಿಗೆ ಪಾಲಿಡಾರ್ ಅನ್ನುವ ಸಂಗೀತ ಕಂಪನಿ ಜೊತೆ ಕಾಂಟ್ರ್ಯಾಕ್ಟ್ ಆಯಿತು, ಮಾರ್ಚಿನಲ್ಲಿ ಆ ಹಾಡಿನ ರೀಮಿಕ್ಸ್ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿತು. ನಿಮ್ಮ ಪಲ್ಲವಿಯಲ್ಲಿ ಎರಡನೇ ದನಿಗೆ ಜಾಗ ಇದ್ದರೆ, ಆ ಜಾಗ ಖಾಲಿ ಬಿಟ್ಟು ಹಾಡಿದ ಒಂದು ವಿಡಿಯೋ ಹಾಕಿ ನೋಡಿ. ಜೊತೆಗೆ ಹಾಡಲು ಜನ ಬರುತ್ತಾರೆ.

ಇನ್ನು ಹಕ್ಕು. ಇದನ್ನು ಸಾವಧಾನವಾಗಿ ಓದಿ.

ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿ ಇರುತ್ತದೆ. ಸಾಹಿತ್ಯ ಮತ್ತು ರಾಗ ಸೇರಿದ್ದು ಒಂದು. ಅದನ್ನು ಹಾಡಿ ರೆಕಾರ್ಡ್ ಮಾಡಿದ ಧ್ವನಿಮುದ್ರಣ ಇನ್ನೊಂದು, ಅದನ್ನೇ ಮಾಸ್ಟರ್ ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ದುಡ್ಡು, ಬೇರೆ ಬೇರೆ ದಾರಿಯಲ್ಲಿ ಬರುತ್ತದೆ. ಡಿಸ್ಟ್ರಿಬ್ಯೂಟರ್ ತಂದುಕೊಡುವುದು ಮುಖ್ಯವಾಗಿ ಮಾಸ್ಟರ್‌ನ ಪಾಲು. ಬರೆದವರ ಪಾಲಿಗಾಗಿ ನಿಮ್ಮ ದೇಶದ ಹಕ್ಕು ಸಂಗ್ರಹ ಸಂಸ್ಥೆಯಲ್ಲಿ ನೀವು ಬೇರೆಯಾಗಿಯೇ ಹೆಸರು ನೋಂದಾಯಿಸಬೇಕು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಆ ಪಾಲನ್ನು ಕೇಳದೇ ಇರುವವರು ಇದ್ದಾರೆ.

ನಿಮ್ಮ ಗೆಳೆಯನ ಜೊತೆ ಈ ವಾರವೇ ಕೂತು ಮಾತಾಡಿ. ಗಿಟಾರಿನ ಆ ಎಳೆ ಅವರದ್ದಾ? ರಾಗ ಕಟ್ಟುವುದರಲ್ಲಿ ಅವರ ಪಾಲಿದೆಯಾ, ಬರೀ ನುಡಿಸಿದ್ದಾ? ಬರವಣಿಗೆಯಲ್ಲಿ ಯಾರಿಗೆ ಎಷ್ಟು, ಮಾಸ್ಟರ್‌ನಲ್ಲಿ ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಸ್ನೇಹದಲ್ಲಿ ಇದೆಲ್ಲ ಬೇಕಾ ಅನ್ನಿಸಬಹುದು. ಸ್ನೇಹ ಉಳಿಯಬೇಕು ಅಂತಲೇ ಇದು ಬೇಕು. ದುಡ್ಡು ಬರುವ ಮುಂಚೆ ಈ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬಂದ ಮೇಲೆ ವಕೀಲರ ತನಕ ಹೋಗುತ್ತದೆ.

ಹಾಡಿನಲ್ಲಿ ಬೇರೆಯವರ ಬೀಟ್ (ತಯಾರಾದ ಹಿನ್ನೆಲೆ ಸಂಗೀತ), ಲೂಪ್ (ಮತ್ತೆ ಮತ್ತೆ ಬರುವ ತುಣುಕು), ಸ್ಯಾಂಪಲ್ (ಬೇರೆ ಹಾಡಿನಿಂದ ತೆಗೆದ ತುಣುಕು) ಏನಾದರೂ ಇದ್ದರೆ ಬಿಡುಗಡೆಗೆ ಮುಂಚೆಯೇ ಅನುಮತಿ ಪಡೆಯಿರಿ. ಅಮೆರಿಕದ ರ‍್ಯಾಪರ್ ಲಿಲ್ ನಾಸ್ ಎಕ್ಸ್ ಆನ್‌ಲೈನಿನಲ್ಲಿ 30 ಡಾಲರಿಗೆ ಒಂದು ಬೀಟ್ ಕೊಂಡು ‘ಓಲ್ಡ್ ಟೌನ್ ರೋಡ್’ ಮಾಡಿದರು. ಆ ಬೀಟ್ ಒಳಗೆ ನೈನ್ ಇಂಚ್ ನೇಲ್ಸ್ ತಂಡದ ಸಂಗೀತದ ತುಣುಕಿತ್ತು, ಅದಕ್ಕೆ ಅನುಮತಿ ಇರಲಿಲ್ಲ. ಹಾಡು ದೊಡ್ಡದಾದ ಮೇಲೆ ಅನುಮತಿ ಪಡೆದರು, ಬರೆದವರ ಪಟ್ಟಿಗೆ ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಹೆಸರೂ ಸೇರಿತು. ಅಲ್ಲಿ ಎದುರಿಗಿದ್ದವರು ಒಪ್ಪಿದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ಅದೇ ಹಾಡಿನಿಂದ ಇನ್ನೊಂದನ್ನೂ ಕಲಿಯಬಹುದು. 2019ರಲ್ಲಿ ಟಿಕ್‌ಟಾಕ್‌ನಲ್ಲಿ ಅದು ಓಡುತ್ತಿದ್ದಾಗ ಹಿರಿಯ ಗಾಯಕ ಬಿಲ್ಲಿ ರೇ ಸೈರಸ್ ಜೊತೆಗಿನ ರೀಮಿಕ್ಸ್ ತಂದರು, ಆಮೇಲೆ ಬೇರೆಯವರ ಜೊತೆ ಇನ್ನಷ್ಟು ರೀಮಿಕ್ಸ್. ಜನ ಬೇಸರ ಪಡುವ ಮುಂಚೆಯೇ ಹೊಸ ರೂಪ ಬರುತ್ತಿತ್ತು. ಹಾಟ್ 100ರಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು, ಆಗ ಅದು ದಾಖಲೆ.

ನಿಮಗೆ ಬಂದಿರುವ ಕಾಂಟ್ರ್ಯಾಕ್ಟ್‌ನಲ್ಲಿ ಏನು ಹುಡುಕಬೇಕು? ಮೊದಲು, ಅವರು ಕೇಳುತ್ತಿರುವುದು ಲೈಸೆನ್ಸಾ, ಹಕ್ಕಿನ ವರ್ಗಾವಣೆಯಾ. ಲೈಸೆನ್ಸ್ ಅಂದರೆ ಇಷ್ಟು ವರ್ಷ ಬಳಸಿಕೊಳ್ಳಿ ಅಂತ ಬಿಟ್ಟುಕೊಡುವುದು, ಹಾಡು ನಿಮ್ಮದಾಗೇ ಉಳಿಯುತ್ತದೆ. ವರ್ಗಾವಣೆ ಆದರೆ ಹಾಡು ಅವರದ್ದು. ‘ಶಾಶ್ವತವಾಗಿ’, ‘ಹಿಂತೆಗೆದುಕೊಳ್ಳಲಾಗದ’, ‘ಎಲ್ಲ ಮಾಧ್ಯಮಗಳಲ್ಲಿ’ ಅನ್ನುವ ಪದಗಳು ಒಟ್ಟಿಗೆ ಕಂಡರೆ ಅಲ್ಲೇ ನಿಲ್ಲಿ. ಕೇಳುತ್ತಿರುವುದು ಈ ಒಂದು ಹಾಡನ್ನಾ, ಮುಂದಿನ ಐದು ವರ್ಷ ನೀವು ಮಾಡುವುದೆಲ್ಲವನ್ನೂನಾ? ಕಾರ್ಯಕ್ರಮದ ದುಡ್ಡಿನಲ್ಲೂ ಪಾಲು ಕೇಳಿದ್ದಾರಾ? ಅಡ್ವಾನ್ಸ್ ಕೊಡುತ್ತೇವೆ ಅಂದಿದ್ದರೆ, ಅದು ಉಡುಗೊರೆ ಅಲ್ಲ. ಆ ಮೊತ್ತ ನಿಮ್ಮ ಪಾಲಿನಿಂದ ವಸೂಲಾಗುವ ತನಕ ನಿಮಗೆ ರಾಯಲ್ಟಿ ಬರುವುದಿಲ್ಲ. ರೆಕಾರ್ಡಿಂಗ್, ವಿಡಿಯೋ, ಪ್ರಚಾರದ ಖರ್ಚನ್ನೂ ಅದರಲ್ಲೇ ಸೇರಿಸುವ ಕಾಂಟ್ರ್ಯಾಕ್ಟ್‌ಗಳಿವೆ.

ಲೇಬಲ್‌ಗಳು, ಅಂದರೆ ಹಾಡು ಹೊರತರುವ ಕಂಪನಿಗಳು, ಎಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ತಲುಪಲಾಗದ ಕಡೆ ಹಾಡನ್ನು ತಲುಪಿಸುವವರು ಅವರಲ್ಲಿ ಇದ್ದಾರೆ. ಆದರೆ ತೀರ್ಮಾನ ಅವರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಓಕೆ ಗೋ ರಾಕ್ ತಂಡವನ್ನು ನೋಡಿ. 2006ರಲ್ಲಿ ಟ್ರೆಡ್‌ಮಿಲ್‌ಗಳ ಮೇಲೆ ಕುಣಿದ ಅವರ ವಿಡಿಯೋ ಜಗತ್ತೆಲ್ಲ ಸುತ್ತಿತು, ಗ್ರ್ಯಾಮಿಯೂ ಬಂತು. ಆಮೇಲೆ ಅವರ ಲೇಬಲ್, ಬೇರೆ ವೆಬ್‌ಸೈಟುಗಳಲ್ಲಿ ಆ ವಿಡಿಯೋ ಹಾಕಿಕೊಳ್ಳದಂತೆ ಮಾಡಿತು. ವೀವ್ಸ್ ಶೇ 90ರಷ್ಟು ಬಿತ್ತು ಅಂತ ಗಾಯಕ ಡೇಮಿಯನ್ ಕುಲಾಶ್ 2010ರಲ್ಲಿ ಪತ್ರಿಕೆಯಲ್ಲೇ ಬರೆದರು. ಅದೇ ವರ್ಷ ತಂಡ ಹೊರಗೆ ಬಂದು ಸ್ವಂತ ಲೇಬಲ್ ಮಾಡಿಕೊಂಡಿತು. ತಮ್ಮದೇ ವಿಡಿಯೋ, ಹರಡಿದ್ದು ತಮ್ಮದೇ ಅಭಿಮಾನಿಗಳು, ಆದರೂ ಬೀಗ ಇನ್ನೊಬ್ಬರ ಕೈಯಲ್ಲಿತ್ತು.

ಆದ್ದರಿಂದ ಕಂಪನಿಗೆ ಮರ್ಯಾದೆಯಿಂದ ಬರೆಯಿರಿ. ‘ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ. ಸಂಗೀತದ ಕಾಂಟ್ರ್ಯಾಕ್ಟ್ ಬಲ್ಲ ವಕೀಲರಿಗೆ ತೋರಿಸಿ ಎರಡು ವಾರದಲ್ಲಿ ಉತ್ತರ ಕೊಡುತ್ತೇನೆ.’ ಇಷ್ಟೇ ಸಾಕು. ನಿಜವಾದ ಆಸಕ್ತಿ ಇದ್ದರೆ ಕಾಯುತ್ತಾರೆ. ಕಾಯದಿದ್ದರೆ, ಅವರಿಗೆ ಬೇಕಿದ್ದದ್ದು ನಿಮ್ಮ ಅವಸರ ಅಂತ ತಿಳಿಯಿರಿ. ಎರಡು ವಾರ ಕಳೆಯುವಷ್ಟರಲ್ಲಿ ಹಾಡಿನ ಬಿಡುಗಡೆ ಹತ್ತಿರ ಬಂದಿರುತ್ತದೆ, ಪ್ರಿ-ಸೇವ್ ಎಷ್ಟು ಅಂತ ಗೊತ್ತಾಗಿರುತ್ತದೆ. ಆಗ ನಿಮ್ಮ ಮಾತಿಗೂ ತೂಕ ಬರುತ್ತದೆ. ದೊಡ್ಡ ಪೇಜುಗಳು ವಿಡಿಯೋ ಹಾಕಿಕೊಳ್ಳುತ್ತೇವೆ ಅಂತ ಕೇಳಿದರೆ, ಹೆಸರು ಹಾಕಿ, ಟ್ಯಾಗ್ ಮಾಡಿ ಬಳಸಿ ಅನ್ನಿ. ಬೇರೆ ಯಾರಿಗೂ ಕೊಡಬಾರದು ಅನ್ನುವ ಷರತ್ತಿಗೆ ಮಾತ್ರ ಒಪ್ಪಬೇಡಿ.

ದುಡ್ಡು ಕೊಟ್ಟರೆ ಸ್ಟ್ರೀಮ್ಸ್, ಅಂದರೆ ಹಾಡು ಎಷ್ಟು ಸಲ ಪ್ಲೇ ಆಯಿತು ಅನ್ನುವ ಲೆಕ್ಕ, ಏರಿಸಿಕೊಡುತ್ತೇವೆ ಅನ್ನುವವರೂ ಬರುತ್ತಾರೆ. ಅವರನ್ನು ಬ್ಲಾಕ್ ಮಾಡಿ. ನಕಲಿ ಸ್ಟ್ರೀಮ್ಸ್ ಸಿಕ್ಕಿಬಿದ್ದರೆ ಡಿಸ್ಟ್ರಿಬ್ಯೂಟರ್ ಹಾಡನ್ನೇ ತೆಗೆದುಹಾಕಬಹುದು.

ಕೊನೆಯದಾಗಿ, ಕೆಲಸ ಬಿಡುವ ಪ್ರಶ್ನೆ. ಈಗ ಬೇಡ. ವೈರಲ್ ವಿಡಿಯೋದಿಂದ ನೇರವಾಗಿ ಬರುವ ದುಡ್ಡು ಬಹಳ ಕಡಿಮೆ. ಶಾರ್ಟ್ಸ್‌ನ ಜಾಹೀರಾತಿನಲ್ಲಿ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ಸ್ ಜೊತೆಗೆ 90 ದಿನದಲ್ಲಿ 1 ಕೋಟಿ ವೀವ್ಸ್ ಬೇಕು, ಇಲ್ಲವೇ ಉದ್ದ ವಿಡಿಯೋಗಳಿಗೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಅದೊಂದು ಸ್ಟ್ರೀಮ್. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ಸ್ ದಾಟದ ಹಾಡಿಗೆ 2024ರಿಂದ ಮಾಸ್ಟರ್ ರಾಯಲ್ಟಿಯೇ ಇಲ್ಲ. ನಿಮ್ಮ ಹಾಡು ಅದನ್ನು ದಾಟುತ್ತದೆ ಅಂತ ನನಗೆ ನಂಬಿಕೆ ಇದೆ. ಆದರೂ ಈ ತಿಂಗಳು ಕೇಳಿದ್ದರ ದುಡ್ಡು ನಿಮ್ಮ ಕೈಗೆ ಬರಲು ಎರಡು ಮೂರು ತಿಂಗಳು ಬೇಕು.

ಬಿಡುಗಡೆಯಾಗಿ ಮೂರು ತಿಂಗಳು ಕಳೆದ ಮೇಲೆ ಲೆಕ್ಕ ನೋಡಿ. ವೀವ್ಸ್ ಬಿಡಿ. ಎಷ್ಟು ಜನ ಹಾಡನ್ನು ಸೇವ್ ಮಾಡಿಕೊಂಡಿದ್ದಾರೆ? ಈ ಹಾಡಿನಿಂದ ಬಂದವರು ನಿಮ್ಮ ಇನ್ನೊಂದು ಹಾಡು ಕೇಳಿದ್ದಾರಾ? ನಿಮ್ಮ ಹೆಸರು ಟೈಪ್ ಮಾಡಿ ಹುಡುಕುವವರು ಜಾಸ್ತಿ ಆಗಿದ್ದಾರಾ? ಕೇಳುಗರು ಜಾಸ್ತಿ ಇರುವ ಊರುಗಳು ಯಾವುವು ಅನ್ನುವುದು ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ, ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಣುತ್ತದೆ. ಅವುಗಳಲ್ಲಿ ಮೊದಲಿನ ಒಂದು ಊರಿನಲ್ಲಿ ಸಣ್ಣ ಜಾಗ ಹಿಡಿದು, ಟಿಕೆಟ್ ಇಟ್ಟು ಒಂದು ಕಾರ್ಯಕ್ರಮ ಮಾಡಿ, ನಿಮ್ಮ ಇಮೇಲ್ ಪಟ್ಟಿಗೆ ಮೊದಲು ತಿಳಿಸಿ. ಎಷ್ಟು ಜನ ದುಡ್ಡು ಕೊಟ್ಟು ಬರುತ್ತಾರೆ ನೋಡಿ. ಅಲ್ಲಿಗೆ ಎರಡನೇ ಹಾಡೂ ರೆಕಾರ್ಡ್ ಆಗಿರಲಿ. ರಾಜೀನಾಮೆಯ ಲೆಕ್ಕವನ್ನು ಆ ಟಿಕೆಟ್ ಲೆಕ್ಕ ಕೈಗೆ ಬಂದ ಮೇಲೆ ಶುರು ಮಾಡಿ.